ವ್ರತವಿಲ್ಲದ ಹಸಿವು

ಉಪವಾಸದ ದಿನ ಶ್ರಾವಕನು ಹಸಿದಿರುತ್ತಾನೆ. ಬರಗಾಲದಲ್ಲಿ ಹಕ್ಕಿಯೂ ಹಸಿದಿರುತ್ತದೆ. ಹೊರನೋಟಕ್ಕೆ ಎರಡೂ ನಿರಾಹಾರವೇ. ಹಾಗಾದರೆ ಇವುಗಳ ಅಂತರವೇನು? ಆ ಹಸಿದ ಜೀವಿಯ ವಿಷಯದಲ್ಲಿ ವ್ರತಿಯಾದವನ ಕರ್ತವ್ಯವೇನು?

ಇದನ್ನು ವಿಚಾರಿಸಲು ನಡೆದ ಸಂಗತಿಯೊಂದನ್ನು ಎದುರಿಗಿಟ್ಟುಕೊಳ್ಳೋಣ. ಪೆಸಿಫಿಕ್ ಮಹಾಸಾಗರದಲ್ಲಿ ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗಸ್ ದ್ವೀಪಸಮೂಹವಿದೆ. ಅಲ್ಲಿನ ಡ್ಯಾಫ್ನಿ ಮೇಜರ್ ಎಂಬ ಪುಟ್ಟ ನಿರ್ಜನ ದ್ವೀಪದಲ್ಲಿ ಫಿಂಚ್ ಎಂಬ ಗುಬ್ಬಿಯಂಥ ಹಕ್ಕಿಗಳಿವೆ. ಬೀಜಗಳೇ ಅವುಗಳ ಮುಖ್ಯ ಆಹಾರ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿಗಳು ತಮ್ಮ ಸಂಗಡಿಗರೊಡನೆ 1973ರಿಂದ ಅವುಗಳ ಕಾಲಿಗೆ ಬಳೆ ತೊಡಿಸಿ ಲೆಕ್ಕವಿಟ್ಟಿದ್ದರು. ಹಿಂದಿನ ಮಳೆಗಾಲದಲ್ಲಿ ಸುಮಾರು 130 ಮಿ.ಮೀ. ಬಿದ್ದಿದ್ದ ಮಳೆ 1977ರಲ್ಲಿ 24 ಮಿ.ಮೀ.ಗೆ ಇಳಿಯಿತು. ಗಿಡಗಳು ಹೊಸ ಬೀಜ ಕಟ್ಟಲಿಲ್ಲ. ಚಿಕ್ಕ ಮೆದು ಬೀಜಗಳು ಮೊದಲು ತೀರಿದುವು. ಉಳಿದುದರಲ್ಲಿ ಹೆಚ್ಚಿನವು ನಮ್ಮ ನೆಗ್ಗಿಲುಮುಳ್ಳಿನ ಜಾತಿಗೇ ಸೇರಿದ ಬಳ್ಳಿಯ ಮುಳ್ಳುಕಾಯಿಯಂಥ ಗಟ್ಟಿ ಬೀಜಗಳು. ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನವೇ ಹೆಚ್ಚಾಗಿ ಬದುಕಿದುವು. ಬದುಕಿದವುಗಳ ಸರಾಸರಿ ಕೊಕ್ಕು ಹಿಂದಿನದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಮಾತ್ರ ದಪ್ಪವಾಗಿತ್ತು. ಮಧ್ಯಮ ಗಾತ್ರದ ಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಇಲ್ಲವಾದುವು.

ಇದನ್ನು ಅನಶನ ತಪವೆನ್ನಲಾದೀತೇ? ಇದ್ದುದನ್ನು ಅರಿತು ಬಿಡುವುದು ತ್ಯಾಗ. ಇಲ್ಲದುದನ್ನು ಬಿಡುವುದೆಂತು? ಆ ಹಕ್ಕಿಗಳಿಗೆ ಸಂಕಲ್ಪವಿರಲಿಲ್ಲ, ಮರುದಿನದ ಪಾರಣೆಯ ಭರವಸೆಯೂ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಪರವಶವಾಗಿ ಹಸಿವನ್ನು ಸಹಿಸುವುದು ಅಕಾಮನಿರ್ಜರೆ. ತತ್ತ್ವಾರ್ಥಸೂತ್ರವು ಅದನ್ನು ದೇವಾಯುವಿನ ಆಸ್ರವಕಾರಣಗಳಲ್ಲಿ ಎಣಿಸಿದೆ. ಕರ್ಮವು ತಾನಾಗಿ ಸವೆಯುತ್ತಿರುವಾಗ ನಾವೇಕೆ ನಡುವೆ ಬರಬೇಕು? ಈ ವಾದ ಜಾಣತನದ್ದು, ಆದರೆ ಧರ್ಮದ್ದಲ್ಲ. ಸಹಿಸಿದುದರ ಫಲ ಸಹಿಸಿದ ಜೀವಿಗೆ. ನೋಡಿಯೂ ಸುಮ್ಮನಿದ್ದ ಕಠೋರತೆಯ ಫಲ ನಮಗೆ. ಕರ್ಮಸಿದ್ಧಾಂತವು ದುಃಖದ ಕಾರಣವನ್ನು ತಿಳಿಸುತ್ತದೆಯೇ ಹೊರತು ದಯೆಗೆ ವಿನಾಯಿತಿ ಕೊಡುವುದಿಲ್ಲ. ಕ್ಲೇಶಪಡುವವರಲ್ಲಿ ಕಾರುಣ್ಯವನ್ನು ಭಾವಿಸಬೇಕೆಂದೂ ಅದೇ ಗ್ರಂಥವು ವಿಧಿಸಿದೆ.

ಡ್ಯಾಫ್ನಿಯಲ್ಲಿ ಯಾರೂ ಹಕ್ಕಿಯ ಆಹಾರವನ್ನು ಕಿತ್ತುಕೊಳ್ಳಲಿಲ್ಲ. ಮಳೆ ಬರಲಿಲ್ಲ, ಅಷ್ಟೇ. ನಮ್ಮ ಹೊಲಗಳಲ್ಲಿ ಹಾಗೆ ಹೇಳುವಂತಿಲ್ಲ. ಬದುವಿನ ಹುಲ್ಲು ಬೀಜ ಕಟ್ಟುವ ಮೊದಲೇ ಕೊಯ್ದು ಸುಡುತ್ತೇವೆ. ಬೇಲಿಯ ಪೊದೆಗಳನ್ನು ಸವರುತ್ತೇವೆ. ಅನ್ನಪಾನನಿರೋಧವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲೊಂದು. ಅದು ನಮ್ಮ ಅಧೀನದ ಪಶುಗಳನ್ನು ಕುರಿತು ಹೇಳಿದುದೆನ್ನಬಹುದು. ಹಕ್ಕಿ ನಮ್ಮ ಅಧೀನವಲ್ಲ, ನಿಜ. ಆದರೆ ಅದರ ಆಹಾರದ ನೆಲೆ ಇಂದು ನಮ್ಮ ಅಧೀನದಲ್ಲಿದೆ.

ಆದುದರಿಂದ ಮಳೆ ಕೈಕೊಟ್ಟ ವರ್ಷ ಒಂದು ಬದುವಿನ ಹುಲ್ಲನ್ನಾದರೂ ಬೀಜ ಉದುರುವವರೆಗೆ ಬಿಡುವ ನಿಯಮವನ್ನು ಗೃಹಸ್ಥರು ಕೈಕೊಳ್ಳಬಹುದು. ನಾವು ಬಿಟ್ಟ ಊಟ ನಮ್ಮ ಕರ್ಮವನ್ನು ಸವೆಸಲಿ. ನಾವು ಬಿಟ್ಟ ಹುಲ್ಲು ಹಕ್ಕಿಯ ಹಸಿವನ್ನು ನೀಗಲಿ.