ಮೊದಲು ಅಣ್ಣನ ಬಾಗಿಲು



ಸಿ.ಬಿ.ಎಸ್.ಇ. ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ರಷ್ಯಾದ ಆಂಟನ್ ಚೆಕಾಫ್ ಬರೆದ ‘ದಿ ಪ್ರಪೋಸಲ್’ ಎಂಬ ಏಕಾಂಕ ನಾಟಕವಿದೆ. ಹೆಣ್ಣು ಕೇಳಲು ಬಂದ ಲೋಮೊವ್ ಬಂದ ಕೆಲಸವನ್ನೇ ಮರೆತು, ಒಂದು ಹುಲ್ಲುಗಾವಲು ಯಾರದೆಂದು ನತಾಲ್ಯಳೊಡನೆ ಜಗಳಕ್ಕೆ ನಿಲ್ಲುತ್ತಾನೆ.

ಅಂಕಗಳಿಗಾಗಿ ಇದನ್ನು ಅಭಿನಯಿಸಬೇಕಿದ್ದ ಮಕ್ಕಳು ಒಂದು ಶನಿವಾರ ಚಂದ್ರವಳ್ಳಿಯ ಬಂಡೆಗಳ ನಡುವೆ ಅಭ್ಯಾಸಕ್ಕೆ ಸೇರಿದ್ದರು. ನತಾಲ್ಯಳ ಪಾತ್ರದ ಹುಡುಗಿಗೆ ಸಿಟ್ಟೇ ಬರುತ್ತಿರಲಿಲ್ಲ. “ನಿಮ್ಮಪ್ಪ ಹೊಲದ ಬದುವಿಗಾಗಿ ದೊಡ್ಡಪ್ಪನ ಮೇಲೆ ಕೂಗುತ್ತಾರಲ್ಲ, ಹಾಗೆ ಮಾಡು” ಎಂದಳು ಗೆಳತಿ. ಕೂಡಲೇ ಮಾತು ಸರಿಯಾಗಿ ಬಂತು. ಎಲ್ಲರೂ ನಕ್ಕರು. ಬುತ್ತಿ ತಂದಿದ್ದ ಅಪ್ಪ ಮಾತ್ರ ನಗಲಿಲ್ಲ.

ಅದೇ ಚಂದ್ರವಳ್ಳಿಯ ಬಂಡೆಯೊಂದರಲ್ಲಿ ಕದಂಬರ ಮಯೂರಶರ್ಮ ಕೆರೆಯ ಕೆಲಸ ಮಾಡಿಸಿದ ನಾಲ್ಕನೇ ಶತಮಾನದ ಶಾಸನವಿದೆ. ಊರಿಗೆ ನೀರು ಕೊಟ್ಟ ಮಾತು ಇಂದಿಗೂ ಉಳಿದಿದೆ. ನಮ್ಮ ಮಕ್ಕಳ ಮನಸ್ಸಿನಲ್ಲಿ ನಮ್ಮ ಯಾವ ಮಾತು ಉಳಿಯುತ್ತಿದೆ?

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಒಂದಾಗಬೇಕೆಂದು ಯೇಸುಸ್ವಾಮಿ ಕಲಿಸಿದರು (ಮತ್ತಾಯ 5:23-24). ತಪ್ಪು ಯಾರದೆಂದು ಅವರು ಮೊದಲು ಕೇಳಲಿಲ್ಲ, ಹೋಗು ಎಂದರು.

ಬರುವ ಭಾನುವಾರ ಪೂಜೆಗೆ ಹೊರಡುವ ಮುನ್ನ ನೀವೂ ಹೋಗಿ ಅಣ್ಣನ ಬಾಗಿಲು ತಟ್ಟಿರಿ. ಜೊತೆಯಲ್ಲಿ ಮಗಳನ್ನೂ ಕರೆದೊಯ್ಯಿರಿ. ಜಗಳ ಕಂಡ ಆಕೆ ಕ್ಷಮೆಯನ್ನೂ ಕಾಣಲಿ.