ಸಾಕ್ಷಿ ಇಲ್ಲದ ಹಣ

ಕಾಗವಾಡ ಸೀಮೆಯ ರೈತ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದರೆ ತೂಕದ ಕಾಟಾದ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಕಬ್ಬು ಒಪ್ಪಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕೆಂಬ 1966ರ ನಿಯಂತ್ರಣ ಆದೇಶ ಅವನಿಗೆ ಬಾಯಿಪಾಠ. ಅದೇ ಬಿಲ್ಲು ಖಾತೆಗೆ ಜಮೆಯಾಗಿ ಫೋನಿನೊಳಗೆ ಬಂದು ಕೂತಿತೆಂದರೆ ಅದನ್ನು ನೋಡುವವರು ಯಾರೂ ಇಲ್ಲ. ಹಣಕ್ಕೆ ಸಾಕ್ಷಿ ಇಲ್ಲದಿರುವುದು ನಮ್ಮನ್ನು ಕಾಯುತ್ತದೆಯೋ, ಒಂಟಿ ಮಾಡುತ್ತದೆಯೋ?

ಹಿಂದೆ ಸಾಕ್ಷಿಗಳಿಗೇನೂ ಕೊರತೆಯಿರಲಿಲ್ಲ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ವಸೂಲು ಮಾಡಲು ಬರುತ್ತಿದ್ದವನಿಗೆ ಮನೆಯ ಕಷ್ಟಸುಖವೆಲ್ಲ ತಿಳಿದಿರುತ್ತಿತ್ತು. ಸೊಸೈಟಿಯ ಸಾಲಕ್ಕೆ ಜಾಮೀನುದಾರ ಬೇಕಿತ್ತು. ಆದರೆ ಆ ಕಣ್ಣುಗಳು ಯಾವಾಗಲೂ ಕರುಣೆಯವಾಗಿರಲಿಲ್ಲ. ಕೇಳಲು ಬಂದವರ ಜಾತಿಯನ್ನು, ಹರಿದ ಅಂಗಿಯನ್ನು ಅವು ಅಳೆದವು; ಹೆಂಗಸು ಒಬ್ಬಳೇ ಬಂದರೆ ಗಂಡನೆಲ್ಲಿ ಎಂದವು. ಅದಕ್ಕೇ ನಮ್ಮ ತಾಯಂದಿರು ಉಳಿಸಿದ ನಾಲ್ಕು ಕಾಸನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟರು.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಜಾರಿಗೆ ಬಂದು, ತಿಂಗಳಿಗೆ 2000 ರೂಪಾಯಿ ನೇರ ಮನೆಯೊಡತಿಯ ಹೆಸರಿನ ಖಾತೆಗೆ ಸಲ್ಲುವಂತಾಯಿತು. 2016ರಲ್ಲಿ ಬಂದ ಯುಪಿಐ ಇದ್ದರೆ ಗಡಿ ದಾಟಿ ಮಿರಜದ ದವಾಖಾನೆಗೆ ಹೋದವಳೂ ಯಾರ ಮುಂದೆಯೂ ಕೈಚಾಚದೆ ಔಷಧದ ದುಡ್ಡು ಕೊಡಬಲ್ಲಳು. ತನ್ನ ಖಾತೆಯಲ್ಲಿ ಎಷ್ಟಿದೆ ಎಂದು ಹೇಳದಿರುವ ಹಕ್ಕು ಅವಳಿಗೆ ಮೊದಲ ಸಲ ದಕ್ಕಿದೆ. ಇದನ್ನು ನಾನು ಸಣ್ಣದೆನ್ನಲಾರೆ. ಮರ್ಯಾದೆಯ ಬಹುಪಾಲು ಇಂಥ ಗುಟ್ಟಿನಲ್ಲೇ ಇದೆ.

ಆದರೆ ಮೋಸಗಾರನಿಗೆ ಬೇಕಾದದ್ದೂ ಇದೇ ಗುಟ್ಟು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ಹೇಳುತ್ತದೆ. ಪೊಲೀಸ್ ವೇಷ ತೊಟ್ಟು ವಿಡಿಯೊ ಕರೆಯಲ್ಲಿ ಬಂದವನು ಮನೆಯವರಿಗೂ ಹೇಳಬೇಡಿ ಎನ್ನುತ್ತಾನೆ. ಹೆದರಿದ ಜೀವಕ್ಕೆ ಎರಡೂ ಒಂದೇ ಮಾತಾಗಿ ಕೇಳುತ್ತವೆ. ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ ಇಂಥ ‘ಡಿಜಿಟಲ್ ಅರೆಸ್ಟ್’ ಬಲೆಗೆ ಬಿದ್ದ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಆ ಸುದ್ದಿ ಓದಿದಾಗಿನಿಂದ ಒಂದೇ ಯೋಚನೆ: ಆ ಕರೆ ಬಂದಾಗ ಪಕ್ಕದ ಮನೆಯವರೊಬ್ಬರು ಒಳಗೆ ಕೂತಿದ್ದರೆ?

ಗುಟ್ಟು ಕಾದವರೂ ಸುರಕ್ಷಿತರಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆರಳಿನ ಗುರುತನ್ನು ಕದ್ದು, ಆಧಾರ್ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಹಣ ಕಳೆದುಕೊಂಡವರು ಯಾರಿಗೂ ಏನನ್ನೂ ಹೇಳಿರಲಿಲ್ಲ.

ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ನ್ಯಾಯದ ಗೆರೆಯೊಂದಿದೆ. ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ಹಣ ಎತ್ತಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಗ್ರಾಹಕರೇ ಗುಪ್ತ ಸಂಖ್ಯೆ ಕೊಟ್ಟಿದ್ದರೆ, ದೂರು ಕೊಡುವ ತನಕದ ನಷ್ಟ ಅವರದು, ಆಮೇಲಿನದು ಬ್ಯಾಂಕಿನದು. ಕಾನೂನಿನ ಗಡಿಯಾರ ನಡೆಯುವುದು ನೊಂದವರು ಯಾವಾಗ ಬಾಯಿಬಿಟ್ಟರು ಎಂಬುದರ ಮೇಲೆ. ಬಾಯಿಬಿಡದಂತೆ ಮಾಡುವುದು ಮಾತ್ರ ಮನೆಯೊಳಗಿನ ಅಂಜಿಕೆ. ಮಗ ಬೈತಾನ, ಸೊಸಿ ನಗತಾಳ ಎಂದು ಮುಚ್ಚಿಟ್ಟ ಎರಡು ದಿನದಲ್ಲಿ ಆ ಹಣ ಖಾತೆಯಿಂದ ಖಾತೆಗೆ ಹಾರಿ ಎಲ್ಲೋ ಕರಗಿರುತ್ತದೆ. ‘ಆತು ಬಿಡಬೇ, ಮೊದಲ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಹಚ್ಚೂಣು’ ಎನ್ನುವ ಮಗನಿರುವ ಮನೆಯಲ್ಲಿ ಅವ್ವ ಅದೇ ಗಳಿಗೆಯಲ್ಲಿ ಹೇಳುತ್ತಾಳೆ, ಹಣ ತಡೆಯಲು ಇನ್ನೂ ಹೊತ್ತಿರುವಾಗಲೇ.