ಸಾವಿರ ಮಂದಿಯಲ್ಲಿ ಒಂದೇ ಹೆಸರು



ಇಂದಿನ ವಾಚನ ಅರಸುಗಳ ಮೊದಲನೆಯ ಗ್ರಂಥದ 11ನೆಯ ಅಧ್ಯಾಯದ್ದು. ಸೊಲೊಮೋನನಿಗೆ ರಾಣಿಯರು 700 ಮಂದಿ, ಉಪಪತ್ನಿಯರು 300 ಮಂದಿ. ಮೊಬೈಲಿನಲ್ಲಿ ಚೀನೀ ಅದ್ಭುತ ಕಾದಂಬರಿಗಳನ್ನು ಓದುವ ನಮ್ಮ ಯುವಜನರಿಗೆ ಇಂಥ ಲೆಕ್ಕ ಹೊಸದಲ್ಲ.

ಆ ಕಾದಂಬರಿಗಳನ್ನು ಅರಿಯದ ಹಿರಿಯರಿಗಾಗಿ ಎರಡು ಮಾತು. ಕೈಲಾಗದವನೆಂದು ಹೀಯಾಳಿಸಿಕೊಂಡ ಹುಡುಗನೊಬ್ಬ ಸಾಧನೆಗೆ ಕೂರುತ್ತಾನೆ. ಪ್ರಾಣಶಕ್ತಿಯನ್ನು ಒಗ್ಗೂಡಿಸಿ, ಒಡಲೊಳಗೆ ಚಿನ್ನದ ಗುಂಡನ್ನು ರೂಪಿಸಿ, ಹಂತಹಂತವಾಗಿ ಅಮರತ್ವದ ಕಡೆಗೆ ಏರುತ್ತಾನೆ. ಅಸುರಲೋಕಕ್ಕೂ ನುಗ್ಗಿ ಅಲ್ಲಿನ ಒಡೆಯರನ್ನು ಮಣಿಸುತ್ತಾನೆ. ಇಂಥ ಕೆಲವು ಕಥೆಗಳಲ್ಲಿ ಅವನು ಗೆದ್ದಲ್ಲೆಲ್ಲ ಒಬ್ಬೊಬ್ಬ ಹೆಣ್ಣು ಅವನ ಅಂತಃಪುರ ಸೇರುತ್ತಾಳೆ. 2014ರಲ್ಲಿ ಶುರುವಾದ ವುಕ್ಸಿಯಾವರ್ಲ್ಡ್‌ನಂಥ ತಾಣಗಳಿಂದ ಇವು ಇಂಗ್ಲಿಷಿನಲ್ಲಿ ಹಬ್ಬಿದವು. ಎಷ್ಟೋ ಕಾದಂಬರಿಗಳು ಸಾವಿರ ಅಧ್ಯಾಯ ದಾಟುತ್ತವೆ. ಒಳ್ಳೆಯ ಘಟ್ಟದಲ್ಲೇ ಅಧ್ಯಾಯ ಮುಗಿಯುತ್ತದೆ. ಮೊದಮೊದಲು ಬಿಟ್ಟಿ, ಆಮೇಲೆ ಹಣ.

ತುಳಿತಕ್ಕೊಳಗಾದವನು ತಲೆ ಎತ್ತಲಿ ಎಂಬ ಆಸೆ ಪಾಪವಲ್ಲ. ಕವಣೆ ಹಿಡಿದ ದಾವೀದನ ಕಥೆ ನಮಗೆ ಹಿಡಿಸುವುದೂ ಅದಕ್ಕೇ. ಅಸುರರಿಗೂ ನಾನು ಹೆದರುವುದಿಲ್ಲ. ಮೇಲಿನ ಹಂತಕ್ಕೇರುವ ಸಾಧಕನಿಗೆ ತನ್ನದೇ ಎದೆಯೊಳಗಿನ ಅಸುರ ಅಡ್ಡ ನಿಲ್ಲುತ್ತಾನೆಂದು ಈ ಕಥೆಗಳೇ ಹೇಳುತ್ತವೆ. ಅದು ಸತ್ಯವಾದ ಮಾತು. ನನ್ನ ತಕರಾರು ಅಂತಃಪುರದ ಮೇಲೆ. ಅಲ್ಲಿ ಹೆಣ್ಣು, ನಾಯಕನ ಖಡ್ಗ ಮತ್ತು ಅವನ ಶಕ್ತಿ ಹೆಚ್ಚಿಸುವ ಗುಳಿಗೆಗಳ ಜೊತೆ ಗೆಲುವಿನ ಲೆಕ್ಕಕ್ಕೆ ಸೇರುತ್ತಾಳೆ. ಮುಂದಿನವಳು ಬಂದ ಮೇಲೆ ಹಿಂದಿನವಳನ್ನು ಕೇಳುವವರಿಲ್ಲ.

ಚೀನೀ ಕಥನವೆಲ್ಲ ಹೀಗೆಂದು ತಿಳಿಯಬೇಡಿ. 16ನೆಯ ಶತಮಾನದ 'ಪಶ್ಚಿಮ ಯಾತ್ರೆ'ಯಲ್ಲೂ ರಾಕ್ಷಸರು ಹೆಜ್ಜೆಹೆಜ್ಜೆಗೂ ಇದ್ದಾರೆ. ಅದರಲ್ಲಿ ಹೆಂಗಸರೇ ಇರುವ ರಾಜ್ಯದ ರಾಣಿ, ಭಾರತಕ್ಕೆ ಹೊರಟ ಭಿಕ್ಷುವನ್ನು ಮೆಚ್ಚಿ ತನ್ನ ಸಿಂಹಾಸನವನ್ನೇ ಕೊಡಲು ಮುಂದಾಗುತ್ತಾಳೆ. ಅವನು ಅದಕ್ಕೆ ಮನಸೋಲದೆ ತನ್ನ ದಾರಿ ಹಿಡಿಯುತ್ತಾನೆ. ಅವಳಿಗೂ ಒಂದು ಮನಸ್ಸಿದೆ, ಅವನಿಗೂ ಒಂದು ಗುರಿಯಿದೆ.

ಈಗ ಸೊಲೊಮೋನನನ್ನು ನೋಡಿ. ವಿವೇಕವನ್ನು ಬೇಡಿ ಪಡೆದವನು ಅವನು. ಆ ಸಾವಿರ ಮಂದಿಯಲ್ಲಿ ಅರಸುಗಳ ಗ್ರಂಥ ಹೆಸರಿಸುವುದು ಒಬ್ಬಳನ್ನು ಮಾತ್ರ: ರೆಹಬ್ಬಾಮನ ತಾಯಿ, ಅಮ್ಮೋನಿನ ನಯಮಾ. ಉಳಿದವರು ಬರೀ ಸಂಖ್ಯೆ. ಮುಪ್ಪಿನಲ್ಲಿ ಅವನ ಹೃದಯ ಅನ್ಯದೇವತೆಗಳತ್ತ ವಾಲಿ ದೇವರಿಂದ ದೂರ ಸರಿಯಿತು; ಅವನ ತರುವಾಯ ರಾಜ್ಯ ಎರಡು ಹೋಳಾಯಿತು. ಜನರನ್ನು ಸಂಖ್ಯೆಯಾಗಿ ಕಾಣುತ್ತಾ ಹೋದವನಿಗೆ ದೇವರನ್ನೂ ಹಲವರಲ್ಲಿ ಒಬ್ಬನೆಂದು ಕಾಣುವುದು ಕಷ್ಟವಾಗಲಿಲ್ಲ.

ಉತ್ಥಾನದ ಬೆಳಗ್ಗೆ ಯೇಸುಸ್ವಾಮಿ ಏನು ಮಾಡಿದರು? ಅಳುತ್ತಿದ್ದ ಮಗ್ದಲದ ಮರಿಯಳನ್ನು ಹೆಸರು ಹಿಡಿದು ಕರೆದರು. ಆ ಕರೆಯಿಂದಲೇ ಅವಳು ಅವರ ಗುರುತು ಹಿಡಿದಳು. ಮರಣವನ್ನೇ ಗೆದ್ದವರು ಮೊದಲು ತೋರಿದ್ದು ಈ ಆದರವನ್ನು.

ಆದ್ದರಿಂದ ತಂದೆತಾಯಿಯರೇ, ಮೊಬೈಲ್ ಕಿತ್ತುಕೊಳ್ಳಬೇಡಿ. ಏನು ಓದುತ್ತಿದ್ದೀಯೆಂದು ಕೇಳಿ, ಕಥೆ ಹೇಳಿಸಿಕೊಳ್ಳಿ. ಯುವಜನರೇ, ಮುಂದಿನ ಅಧ್ಯಾಯ ತೆರೆಯುವ ಮೊದಲು ಆ ಅಂತಃಪುರದ ಒಬ್ಬ ಹೆಣ್ಣನ್ನು ನೆನೆದು ಕೇಳಿಕೊಳ್ಳಿ: ಇವಳಿಗೆ ಬೇಕಾದದ್ದೇನು? ಕಥೆಯಲ್ಲಿ ಉತ್ತರವಿಲ್ಲದಿದ್ದರೆ, ನಾಳೆ ತರಗತಿಯಲ್ಲಿ, ಕಚೇರಿಯಲ್ಲಿ ನಿಮ್ಮ ಪಕ್ಕ ಕೂರುವವಳನ್ನು ಆ ಕಥೆಯ ಕಣ್ಣಿನಿಂದ ನೋಡಬೇಡಿ.

ಎದುರಿಗಿರುವವರನ್ನು ಮನುಷ್ಯರಾಗಿ ಕಾಣುವ ಹೃದಯವನ್ನು ಪ್ರಭು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.